ಕೇಳುವವರೇ ಉಪ್ಪು ತರಬೇಕು

ನಮ್ಮೂರಿನಲ್ಲಿ ಯಾರೂ ಯಾರ ಮುಖಕ್ಕೂ 'ಆಗಲ್ಲ' ಅನ್ನುವುದಿಲ್ಲ. ಬಹಳ ಒಳ್ಳೆಯ ಜನ ಅಂದುಕೊಂಡೀರಿ, ಆ ಭ್ರಮೆ ಬೇಡ. ಮೂವತ್ತು ವರ್ಷದಿಂದ ಇವರಿಗೆಲ್ಲ ಇಡ್ಲಿ ಬಡಿಸುತ್ತಿರುವವನು ನಾನು. ಮೂರು ಸಲ ಚಟ್ನಿ ಹಾಕಿಸಿಕೊಂಡು, ನಾಲ್ಕನೆಯ ಸಲಕ್ಕೂ ತಟ್ಟೆ ಮುಂದೊಡ್ಡಿ, 'ಇವತ್ತು ಚಟ್ನಿ ಯಾಕೋ ಅಷ್ಟಕ್ಕಷ್ಟೇ' ಅನ್ನುವ ಮಂದಿ ಇವರು. ಆದರೆ 'ಇಲ್ಲ' ಅನ್ನುವ ಕೆಟ್ಟ ಕೆಲಸಕ್ಕೆಂದೇ ನಮ್ಮಲ್ಲೊಂದು ಹಂಡೆ ಇದೆ. ಹಾಗಾಗಿ ನಾವು ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ, ಅಷ್ಟೆ.

ಹಂಡೆಮನೆ ಇರುವುದು ಪೇಟೆ ಬೀದಿಯಲ್ಲಿ, ಸರಿಯಾಗಿ ನನ್ನ ಆರಾಧ್ಯ ಟಿಫನ್ ರೂಮಿನ ಎದುರಿಗೆ. ಒಳಗೆ ಒಂದಾಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ, ಅದರ ತುಂಬ ಉಗುರುಬೆಚ್ಚಗಿನ ನೀರು. ಇಬ್ಬರೋ ನಾಲ್ವರೋ ಒಪ್ಪಬೇಕಾದ ಯಾವುದೇ ವಿಷಯ ಇರಲಿ, ಮದುವೆಯಾಗಲಿ, ಕಾಂಪೌಂಡು ಗೋಡೆ ಎತ್ತರಿಸುವುದಾಗಲಿ, ಪಕ್ಕದ ಮನೆಯ ನುಗ್ಗೆಕೊಂಬೆ ಕಡಿಯುವುದಾಗಲಿ, ಹಂಡೆಗೆ ಹೋಗಬೇಕು. ಒಪ್ಪಬೇಕಾದವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗುತ್ತಾರೆ. ಅಲ್ಲಿ ಎರಡು ಶೀಸೆ ಇರುತ್ತವೆ. ಒಂದರಲ್ಲಿ ಅವರ ಹೆಸರಿನ ಎಳೆ, ಇನ್ನೊಂದರಲ್ಲಿ ಬರೀ ನೀರು. ಎಳೆ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಅದೂ ನೋಡಲು ನೀರೇ. ಒಪ್ಪಿಗೆ ಇದ್ದವರು ಎಳೆಯ ಹನಿ ಬಿಡುತ್ತಾರೆ, ಇಲ್ಲದವರು ನೀರಿನ ಹನಿ. ಎಲ್ಲರ ಎಳೆಯೂ ಬಿದ್ದಿದ್ದರೆ ಸಂಜೆ ಐದರೊಳಗೆ ಹಂಡೆಯ ನೀರು ಬಾಳೆಸುಳಿಯ ಹಸಿರಿನಲ್ಲಿ ಬೆಳಗುತ್ತದೆ. ಒಬ್ಬರದ್ದು ತಪ್ಪಿದರೂ ಬೆಳಗುವುದಿಲ್ಲ. ಯಾರದ್ದು ತಪ್ಪಿತು ಎಂದು ಹಂಡೆ ಹೇಳುವುದಿಲ್ಲ, ನಾವು ಕೇಳುವಂತೆಯೂ ಇಲ್ಲ. ಐದು ಹೊಡೆದ ಮೇಲೆ ಎಲ್ಲರೂ ಹೊರಗೆ ಬಂದು, 'ಅಯ್ಯೋ, ನಾನಂತೂ ಹಾಕಿದ್ದೆ ಕಣ್ರೀ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ನನ್ನ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಾರೆ.

ನೀರಿನೊಳಗೆ ಎಳೆಗಳು ಏನು ಮಾಡುತ್ತವೆ ಎಂದು ಹೊರಗಿನವರು ಕೇಳಿದರೆ ನಾನು ನನ್ನ ಬೆಂಚು ತೋರಿಸುತ್ತೇನೆ. ಇಬ್ಬರು ಅಂಟಿಕೊಂಡು ಕೂತಿರುತ್ತಾರೆ. ಬೆಂಚಿನ ತುದಿಯಲ್ಲಿ ಅಂಗೈಯಗಲ ಜಾಗ ಖಾಲಿ ಇರುತ್ತದೆ. ಮೂರನೆಯವನೊಬ್ಬ ಬಂದು ಅಲ್ಲಿ ಅರ್ಧ ಕುಂಡೆ ಊರಿ, 'ಸ್ವಲ್ಪ ಸರೀರಿ ಸ್ವಾಮಿ' ಅನ್ನುತ್ತಾನೆ. ಸರಿಯುತ್ತಾರೆ. ಇನ್ನೂ ಸ್ವಲ್ಪ ಅನ್ನುತ್ತಾನೆ. ಹಾಗೇ ಒತ್ತುತ್ತ ಒತ್ತುತ್ತ ಆ ತುದಿಯಲ್ಲಿದ್ದವನು ಕೆಳಗೆ ಬೀಳುತ್ತಾನೆ. ಬಿದ್ದವನು ಸುಮ್ಮನಿರುತ್ತಾನೆಯೇ? ಪಕ್ಕದ ಬೆಂಚಿನ ತುದಿ ಹುಡುಕಿಕೊಂಡು ಹೋಗಿ ಅಲ್ಲಿನವನನ್ನು ಬೀಳಿಸುತ್ತಾನೆ. ಎಳೆಗಳದ್ದೂ ಇದೇ ಕಥೆ. ಹಂಡೆಯವರು ಮೊದಲೇ ಕಟ್ಟಿ ನೀರಿಗೆ ಬಿಟ್ಟಿರುವ ಜೋಡಿ ಎಳೆಗಳ ಒಂದು ಬಾಲ ಹೊರಗಿರುತ್ತದೆ, ಹೊಸ ಎಳೆ ಬಂದು ಆ ಬಾಲ ಹಿಡಿದು ಹತ್ತಿ ಹಳೆಯದನ್ನು ತಳ್ಳುತ್ತದೆ, ತಳ್ಳಿಸಿಕೊಂಡದ್ದು ಮುಂದಿನ ಜೋಡಿಗೆ ಗಂಟುಬೀಳುತ್ತದೆ. ಕೆಲವು ಜೋಡಿಗಳಂತೂ ಎಂಥ ಹಟಮಾರಿ ಎಂದರೆ ಇಬ್ಬರು ಬಂದು ಎರಡೂ ಕಡೆಯಿಂದ ಒತ್ತಿದರಷ್ಟೇ ಬಿಟ್ಟುಕೊಡುತ್ತವೆ. ಮದುವೆ ಪ್ರಶ್ನೆಗೆ ಅಂಥವೇ ಬೇಕು. ಕೊನೆಯ ಜೋಡಿ ಬಿಟ್ಟಾಗ ಹಸಿರು ಬೆಳಕಿನ ಮುಚ್ಚಳ ತೆರೆಯುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಹಂಡೆಮನೆಯ ಸರ್ವಮಂಗಳ. ಬೆಂಚಿನ ಹೋಲಿಕೆ ಮಾತ್ರ ನನ್ನದು.

ಇದಕ್ಕೆಲ್ಲ ಉಪ್ಪು ಬೇಕೇ ಬೇಕು. ಉಪ್ಪಿಲ್ಲದ ನೀರಿನಲ್ಲಿ ಎಳೆಗೆ ಎಳೆಯನ್ನು ಕಂಡರಾಗದು, ಒಂದರ ಹತ್ತಿರ ಒಂದು ಸುಳಿಯುವುದಿಲ್ಲ. ಆ ಉಪ್ಪನ್ನು ಪ್ರಶ್ನೆ ಕೇಳುವವರೇ ತಮ್ಮ ಮನೆಯಿಂದ ಹೊಸ ಬಟ್ಟೆಯಲ್ಲಿ ಕಟ್ಟಿ ತರಬೇಕು ಎನ್ನುವುದು ಅಜ್ಜಂದಿರ ಕಾಲದ ಕಟ್ಟಳೆ. ತಂದ ಗಂಟನ್ನು ಹಂಡೆಯವರು ಬಿಚ್ಚಿ ನೋಡುವಂತಿಲ್ಲ, ಹಾಗೇ ನೀರಿಗೆ ಬಿಡಬೇಕು. ಬಿಚ್ಚಿ ನೋಡಿದರೆ ಕೇಳುವವನ ಮನೆಯ ಉಪ್ಪಿನ ಮೇಲೆ ಅನುಮಾನ ಪಟ್ಟಂತೆ, ಅದು ದೊಡ್ಡ ಅವಮಾನ. ಒಂದು ಪ್ರಶ್ನೆಯನ್ನು ಎರಡನೆಯ ಸಲ ಕೇಳುವಂತಿಲ್ಲ ಎನ್ನುವುದೂ ಕಟ್ಟಳೆಯೇ. ಬೆಳಗದೆ ಮುಗಿದ ಪ್ರಶ್ನೆಯ ನೀರಿನಿಂದ ಒಂದು ಶೀಸೆ ತುಂಬಿ, ಹೆಸರು ಬರೆದು, ಹಂಡೆಮನೆಯ ಅಟ್ಟದಲ್ಲಿ ಇಟ್ಟಿರುತ್ತಾರೆ. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಬಿಸಾಡಲು ಎಲ್ಲರಿಗೂ ಭಯ.

ಈಗ ನನ್ನ ಕಥೆಗೆ ಬರುತ್ತೇನೆ. ನನ್ನ ಹೆಸರು ರುದ್ರಾರಾಧ್ಯ. ಇಪ್ಪತ್ತಮೂರು ವರ್ಷದ ಹಿಂದೆ, ನನಗಾಗ ಇಪ್ಪತ್ತೊಂಬತ್ತು, ನಾನು ಹಂಡೆಗೆ ಒಂದು ಪ್ರಶ್ನೆ ಹಾಕಿದೆ. ಸರ್ವಮಂಗಳಳನ್ನು ಮದುವೆಯಾಗಬಹುದೇ ಎಂದು. ಅವಳಿಗೆ ಇಪ್ಪತ್ತಾರು. ತಾಯಿ ತೀರಿಕೊಂಡು ಹಂಡೆಯ ಕೆಲಸ ಅವಳ ಕೈಗೆ ಬಂದು ಒಂದು ವರ್ಷವಾಗಿತ್ತು. ಅಂದರೆ ತನ್ನ ಮದುವೆಯ ಪ್ರಶ್ನೆಯನ್ನು ತಾನೇ ಹಂಡೆಯಲ್ಲಿ ಕಲಸಬೇಕಾದ ಹುಡುಗಿ. ನಾನು ಉಪ್ಪಿನ ಗಂಟು ಕೊಟ್ಟಾಗ ತಲೆ ಎತ್ತದೆ, 'ಇಡಿ ಅಲ್ಲಿ' ಅಂದಳು. ಕಿವಿ ಮಾತ್ರ ಕೆಂಪಗಾಗಿತ್ತು. ಆ ಕಿವಿ ನೋಡಿಯೇ ನಾನು ಪರದೆಯ ಹಿಂದೆ ಹೋಗಿ, ಒಂದು ಹನಿ ಹಾಕಬೇಕಾದ ಕಡೆ ಅರ್ಧ ಶೀಸೆ ಎಳೆ ಸುರಿದು ಬಂದೆ.

ಆ ದಿನ ನಮ್ಮೂರಿಗೆ ಬೇರೆ ಕಾರಣಕ್ಕೆ ನೆನಪಿದೆ. ಅದನ್ನು ಈಗಲೂ 'ಉಪ್ಪುಕಾಫಿ ದಿನ' ಅನ್ನುತ್ತಾರೆ. ಬೆಳಿಗ್ಗೆ ಕಾಫಿ ಕುಡಿದ ಹದಿನಾಲ್ಕು ಮಂದಿಯೂ ಬೀದಿಗೆ ಓಡಿಹೋಗಿ ಉಗಿದರು. ಸಕ್ಕರೆಗೆ ಉಪ್ಪು ಬೆರೆಸಿ ಕೊಟ್ಟಿದ್ದೀಯ ಎಂದು ನಾನು ದಿನಸಿ ಅಂಗಡಿಯವನ ಜುಟ್ಟು ಹಿಡಿಯಲು ಹೋಗಿದ್ದೆ. ಸಂಜೆ ಐದಾಯಿತು. ಹಂಡೆಯ ನೀರು ನೀರಾಗಿಯೇ ಇತ್ತು. ಸರ್ವಮಂಗಳ ಶೀಸೆ ತುಂಬಿ, ಬಿರಡೆ ಒತ್ತಿ, ನನ್ನ ಕಡೆ ತಿರುಗಿಯೂ ನೋಡದೆ ಅಟ್ಟ ಹತ್ತಿದಳು. ನಾನು ಹೋಟೆಲಿಗೆ ಬಂದು ಬಾಗಿಲು ಹಾಕಿಕೊಂಡವನು ಎಂಟು ದಿನ ತೆಗೆಯಲಿಲ್ಲ. ನನ್ನ ಅಕ್ಕ ಬಂದು, ಅಡಿಗೆಮನೆಯ ಡಬ್ಬಗಳನ್ನೆಲ್ಲ ತೊಳೆದು ಬೋರಲು ಹಾಕಿ, ನನಗೆ ಎರಡು ಬೈದು ಹೋದಳು.

ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ನಾನು ಎಳೆ ಹಾಕಿದ್ದೇನೆ, ಹಂಡೆ ಬೆಳಗಿಲ್ಲ, ಅಂದಮೇಲೆ ಅವಳು ಹಾಕಿದ್ದು ಬರೀ ನೀರು. ಕಿವಿ ಕೆಂಪಾದದ್ದು ಸೆಕೆಗೆ ಇರಬೇಕು. ಅವತ್ತಿನಿಂದ ನಾವು ಮಾತಾಡಿಲ್ಲ. ಅವಳು ನನ್ನ ಹೋಟೆಲಿನ ಮೆಟ್ಟಿಲು ತುಳಿದಿಲ್ಲ, ನಾನು ಹಂಡೆಮನೆಗೆ ಹೋಗಬೇಕಾಗಿ ಬಂದಾಗಲೆಲ್ಲ ಗೋಡೆ ನೋಡಿಕೊಂಡು ಹೋಗಿ ಗೋಡೆ ನೋಡಿಕೊಂಡು ಬಂದಿದ್ದೇನೆ. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಅವಳ ಜೊತೆ ಇರುವ ಅತ್ತಿಗೆ ದಾಕ್ಷಾಯಿಣಮ್ಮ ದಿನಾ ಬೆಳಿಗ್ಗೆ ಬಂದು ನಾಲ್ಕು ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ದಾಕ್ಷಾಯಿಣಮ್ಮನಿಗೆ ಎರಡರ ಮೇಲೆ ಸೇರುವುದಿಲ್ಲ ಎಂದು ನನಗೆ ಗೊತ್ತು. ಉಳಿದೆರಡನ್ನು ನಾನು ಬಿಸಿ ಇಡ್ಲಿತಟ್ಟೆಯಿಂದ ಆಯ್ದು ಕೊಡುತ್ತೇನೆ. ಕೋಪ ಬೇರೆ, ಇಡ್ಲಿ ಬೇರೆ.

ಈ ಬೇಸಿಗೆಯಲ್ಲಿ ಆದದ್ದು ಹೀಗೆ. ಅಟ್ಟದ ಶೀಸೆಗಳ ನೀರು ವರ್ಷ ಕಳೆದಂತೆ ಆರುತ್ತದೆ, ಆಗಾಗ ಮೇಲಿಷ್ಟು ನೀರು ತುಂಬಿಸಬೇಕು. ಯಾವಾಗಲೂ ಕೆರೆಯ ಸಿಹಿನೀರನ್ನೇ ಬಿಡುತ್ತಿದ್ದರು. ಈ ಸಲ ಕೆರೆಗೆ ಹೂಳೆತ್ತುವವರು ಇಳಿದಿದ್ದರಿಂದ ದಾಕ್ಷಾಯಿಣಮ್ಮ ಬೋರ್‌ವೆಲ್ಲಿನ ನೀರು ತಂದು ಮುನ್ನೂರ ನಲವತ್ತು ಶೀಸೆಗೂ ತುಂಬಿಸಿದರು. ನಮ್ಮೂರ ಬೋರ್‌ವೆಲ್ ನೀರು ಎಂಥದ್ದೆಂದರೆ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಾಯಿಗೆ ಹಾಕಿದರೆ ಕಣ್ಣೀರು ಕುಡಿದ ಹಾಗೆ. ಅದಾಗಿ ಒಂಬತ್ತನೆಯ ದಿನ ಬೆಳಿಗ್ಗೆ ನಾನು ದೋಸೆ ತಿರುವಿ ಹಾಕುತ್ತಿದ್ದೇನೆ, ದಾಕ್ಷಾಯಿಣಮ್ಮ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದರು. ಕೈಯಲ್ಲೊಂದು ಶೀಸೆ. ಶೀಸೆಯ ತುಂಬ ಬಾಳೆಸುಳಿಯ ಹಸಿರು.

"ಆರಾಧ್ಯರೇ, ನೋಡ್ರೀ, ನಿಮ್ಮದು ಹತ್ಕೊಂಡ್ಬಿಟ್ಟಿದೆ!"

"ದೋಸೆನಾ?" ಅಂದೆ.

"ದೋಸೆ ಅಲ್ರೀ, ಮದುವೆ!"

ಶೀಸೆಯ ಮೇಲೆ ಅವಳದೇ ಅಕ್ಷರದಲ್ಲಿ ಎರಡು ಹೆಸರು. ರುದ್ರಾರಾಧ್ಯ, ಸರ್ವಮಂಗಳ. ಇಬ್ಬರ ಎಳೆಯೂ ಬಿದ್ದಿದ್ದರೆ ಮಾತ್ರ ಅದು ಹಸಿರಾಗಬೇಕು. ಅಂದರೆ ಹಾಕಿದ್ದಳು! ಇಪ್ಪತ್ತಮೂರು ವರ್ಷ ನಾನು ಯಾರ ಮೇಲೆ ಹಲ್ಲು ಕಡಿದುಕೊಂಡಿದ್ದೆನೋ ಅವಳು ಹಾಕಿದ್ದಳು. ದೋಸೆ ಸೀದು ಹೊಗೆ ಎದ್ದಿತು. ನಾನು ಸೌಟು ಹಿಡಿದುಕೊಂಡೇ ಬೀದಿಗೆ ಬಂದೆ. ಎದುರಿಗೆ ಹಂಡೆಮನೆಯ ಬಾಗಿಲಲ್ಲಿ ಸರ್ವಮಂಗಳ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿದೆ ಎನ್ನುವುದನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು.

"ನೀವು ಹಾಕಿದ್ರಾ?" ಅಂದಳು. ಇಪ್ಪತ್ತಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

"ಅರ್ಧ ಶೀಸೆ ಹಾಕಿದ್ದೆ," ಅಂದೆ. "ನೀವು?"

"ಕಣ್ಣಿಗೆ ಕಾಣ್ತಾ ಇದೆಯಲ್ಲ, ಇನ್ನೇನು ಕೇಳ್ತೀರಿ," ಅಂದು ಅವಳು ಅತ್ತಿಗೆಯ ಕೈಯಿಂದ ಶೀಸೆ ಕಸಿದುಕೊಂಡು ಒಳಗೆ ಹೋದಳು. ಆಮೇಲೆ ತಿಳಿದ ಮಾತು ಹೇಳುತ್ತೇನೆ. ಅವಳೂ ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದಳು. ಕೇಳಿದವನೇ ಕೊನೆ ಗಳಿಗೆಯಲ್ಲಿ ಹಿಂಜರಿದು ಬರೀ ನೀರು ಹಾಕಿ ಹೋದ, ಗಂಡಸರೆಲ್ಲ ಇಷ್ಟೇ ಎಂದು.

ಸುದ್ದಿ ಹನ್ನೊಂದು ಗಂಟೆಯೊಳಗೆ ಊರೆಲ್ಲ ಹಬ್ಬಿತು. ನನಗೆ ಸಂತೋಷ ಪಡಲಿಕ್ಕೂ ಪುರುಸೊತ್ತು ಸಿಗಲಿಲ್ಲ. ಯಾಕೆಂದರೆ ಹಂಡೆ 'ಇಲ್ಲ' ಅಂದದ್ದು ಇಷ್ಟು ವರ್ಷದ ಮೇಲೆ 'ಹೌದು' ಆಗಬಹುದಾದರೆ, ಇಲ್ಲ ಅನ್ನಿಸಿಕೊಂಡವರೆಲ್ಲ ಏನಂದುಕೊಳ್ಳಬೇಕು? ಹಂಡೆಮನೆಯ ಮುಂದೆ ಸಾಲು ನಿಂತಿತು. ತಂತಮ್ಮ ಶೀಸೆ ಕೇಳಿ ಇಸಕೊಂಡು ನನ್ನ ಹೋಟೆಲಿನಲ್ಲಿ ಟೇಬಲ್ಲಿನ ಮೇಲಿಟ್ಟುಕೊಂಡು ಕಣ್ಣು ಮಿಟುಕಿಸದೆ ಕೂತರು. ಒಂದು ಕಾಫಿಗೆ ನಾಲ್ಕು ಗಂಟೆ ಕೂತರು. ಗೋಡೆ ಎತ್ತರಿಸಲಾಗದವರು, ನುಗ್ಗೆಕೊಂಬೆ ಉಳಿದುಹೋದವರು, ಅಣ್ಣನ ಮನೆಯ ಕೊಟ್ಟಿಗೆಯಲ್ಲಿ ಪಾಲು ಸಿಗದವರು. ಈಗಾಗಲೇ ಬೇರೆಯವಳನ್ನು ಕಟ್ಟಿಕೊಂಡು ಮೊಮ್ಮಗಳನ್ನು ಕಂಡಿರುವ ಒಬ್ಬ ದೊಡ್ಡ ಮನುಷ್ಯರೂ ಟವೆಲಿನಲ್ಲಿ ಶೀಸೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರು. ಅವರ ಹೆಂಡತಿ ಬಂದು ಟವೆಲು ಎಳೆದರು. ಅದನ್ನು ಬರೆಯುವುದು ಬೇಡ.

ಎಲ್ಲರಿಗಿಂತ ಹುರುಪು ಗೋವಿಂದಪ್ಪನವರದು. ಇವರು ನನ್ನ ಪಕ್ಕದ ಮನೆಯವರು, ಅಂಚೆ ಕಛೇರಿಯಿಂದ ನಿವೃತ್ತರಾದವರು. ಹದಿನೈದು ವರ್ಷದ ಹಿಂದೆ ಕ್ಲಾರಿಯೋನೆಟ್ ಕೊಂಡುತಂದು, ಮನೆಯಲ್ಲಿ ಅಭ್ಯಾಸ ಮಾಡಬಹುದೇ ಎಂದು ಹಂಡೆಗೆ ಹಾಕಿದ್ದರು. ಅಕ್ಕಪಕ್ಕದ ನಾಲ್ಕು ಮನೆಯವರು ಒಪ್ಪಬೇಕಿತ್ತು. ಹಂಡೆ ಬೆಳಗಲಿಲ್ಲ. ನಾಲ್ವರೂ ಸರದಿಯಲ್ಲಿ ಹೋಗಿ 'ನಾನಂತೂ ಹಾಕಿದ್ದೆ' ಎಂದು ಸಮಾಧಾನ ಹೇಳಿ ಬಂದೆವು. ಆ ನಾಲ್ವರಲ್ಲಿ ನಾನೂ ಒಬ್ಬ. ಗೋವಿಂದಪ್ಪನವರು ಹದಿನೈದು ವರ್ಷದಿಂದ ಆ ವಾದ್ಯವನ್ನು ದಿನಾ ಒರೆಸಿ ಒರೆಸಿ ಇಡುತ್ತಿದ್ದಾರೆ. ಈಗ ಶೀಸೆಯನ್ನು ಮುಂದಿಟ್ಟುಕೊಂಡು, "ಸ್ವಲ್ಪ ಹಸಿರು ಕಾಣ್ತಾ ಇಲ್ವೇನ್ರಿ ಆರಾಧ್ಯರೇ? ತಳದಲ್ಲಿ?" ಎಂದು ಗಂಟೆಗೆ ಮೂರು ಸಲ ಕೇಳುತ್ತಿದ್ದರು. ನಾನು ಬಗ್ಗಿ ನೋಡಿ, "ಅದು ಪಾಚಿ," ಅನ್ನುತ್ತಿದ್ದೆ.

ನಾಲ್ಕು ದಿನ ಕಳೆದರೂ ಬೇರೆ ಯಾರ ಶೀಸೆಯೂ ಬೆಳಗಲಿಲ್ಲ. ಆಸೆಯಿಟ್ಟು ಕೂತವರ ಆಸೆ ಕೋಪವಾಗಿ ತಿರುಗಿತು. ಊರ ಯಜಮಾನ ಕರಿಬಸಪ್ಪನವರು ಐದನೆಯ ದಿನ ಸಂತೆಕಟ್ಟೆಯ ಮೇಲೆ ಸಭೆ ಕರೆದರು. ವಿಷಯ ಒಂದೇ. ತನ್ನ ಪ್ರಶ್ನೆಯನ್ನೇ ನೆಟ್ಟಗೆ ನಡೆಸಲಾರದ ಸರ್ವಮಂಗಳಮ್ಮ ಊರಿನವರದ್ದನ್ನು ಹೇಗೆ ನಡೆಸಿಯಾಳು? ಹಂಡೆಮನೆಯ ಬೀಗದ ಕೈ ಅವಳ ಹತ್ತಿರ ಇರಬೇಕೇ ಬೇಡವೇ?

ಮೊದಲಿಗೆ ಅದು ನಗೆಪಾಟಲೇ ಆಯಿತು. ಊರಿನ ಯಾವ ತೀರ್ಮಾನವೂ ಹಂಡೆಯಿಲ್ಲದೆ ಆಗುವುದಿಲ್ಲ, ಹಾಗಾಗಿ ಇದನ್ನೂ ಹಂಡೆಗೇ ಹಾಕಬೇಕು. ಹಾಕಿದರೆ ನಡೆಸಬೇಕಾದವಳು ಅವಳೇ. ಅವಳು ನಡೆಸಿದ್ದನ್ನು ನಂಬುವ ಹಾಗಿದ್ದರೆ ಸಭೆಯೇ ಬೇಡ. ಕರಿಬಸಪ್ಪನವರು ಈ ಸುಳಿಯಲ್ಲಿ ಮೂರು ಸುತ್ತು ಸುತ್ತಿ ಬೆವರು ಒರೆಸಿಕೊಂಡು, "ಅಮ್ಮಾ, ನೀನೇ ಒಂದು ದಾರಿ ಹೇಳಮ್ಮ," ಎಂದು ಅವಳನ್ನೇ ಕೇಳಿದರು.

ಸರ್ವಮಂಗಳ ಎದ್ದು ನಿಂತಳು. "ಜೋಡಿ ನಾನೇ ಕಟ್ಟಿದ್ದು, ನೀರಿನ ಬಿಸಿ ನಾನೇ ನೋಡಿದ್ದು. ಎಲ್ಲಿ ತಪ್ಪಿದೆ ಅಂತ ಐದು ದಿನದಿಂದ ಯೋಚನೆ ಮಾಡ್ತಿದ್ದೀನಿ, ಹೊಳೀತಾ ಇಲ್ಲ. ಅವತ್ತು ನನ್ನ ಕೈ ನಡುಗ್ತಾ ಇತ್ತು. ಕೈ ನಡುಗೋರು ಆ ಕೆಲಸ ಮಾಡಬಾರದು. ನಮ್ಮಮ್ಮ ನಲವತ್ತು ವರ್ಷ ನಡೆಸಿದ ಹಂಡೆ. ನನ್ನಿಂದ ಅದಕ್ಕೆ ಕೆಟ್ಟ ಹೆಸರು ಬರೋದು ಬೇಡ," ಅಂದಳು. ಸೊಂಟದಿಂದ ಬೀಗದ ಕೈ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಬೇಗ ಬಿಚ್ಚಿಕೊಳ್ಳಲಿಲ್ಲ. ನನಗೆ ನೋಡಲಾಗಲಿಲ್ಲ. ಆ ಹಂಡೆ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ.

ಆಗ ದಾಕ್ಷಾಯಿಣಮ್ಮ ಅಳುತ್ತ ಎದ್ದರು. "ಅವಳ ತಪ್ಪಲ್ಲ ಕಣ್ರೀ, ಆ ಶೀಸೆನೇ ದರಿದ್ರದ್ದು! ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದ್ದೀನಿ, ಮುನ್ನೂರ ನಲವತ್ತು ಶೀಸೆ ಇದ್ರೂ ಇರುವೆ ಮುತ್ತೋದು ಅದೊಂದಕ್ಕೇ. ಒರೆಸಿ ಒರೆಸಿ ಸಾಕಾಗಿದೆ. ಅರಿಶಿನ ಹಾಕ್ದೆ, ಸೀಮೆಎಣ್ಣೆ ಹಚ್ಚಿದೆ. ಬಿರಡೆ ಸುತ್ತ ಸಾಲು ಸಾಲು ಕೆಂಪಿರುವೆ!"

ಜನ ನಕ್ಕರು. ನಾನು ನಗಲಿಲ್ಲ. ಹೋಟೆಲಿನವನಿಗೆ ಇರುವೆಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಇರುವೆ ಉಪ್ಪಿಗೆ ಮುತ್ತುವುದಿಲ್ಲ.

ಪ್ರಶ್ನೆ ಹಾಕುವ ಹಿಂದಿನ ದಿನ ಮಧ್ಯಾಹ್ನ ನಾನೇ ಅಡಿಗೆಮನೆಯಲ್ಲಿ ಎರಡು ಡಬ್ಬ ತುಂಬಿಸಿದ್ದೆ. ಎರಡೂ ಒಂದೇ ಥರದ ನೀಲಿ ಬಿಸ್ಕತ್ತು ಡಬ್ಬ. ಎಡಗಡೆಯದು ಸಕ್ಕರೆಗೆ, ಬಲಗಡೆಯದು ಪುಡಿಯುಪ್ಪಿಗೆ, ಅಡಿಗೆಗೆ ಕಲ್ಲುಪ್ಪು ಬೇರೆಯೇ ಇತ್ತು. ಕೈ ಡಬ್ಬ ತುಂಬಿಸುತ್ತಿತ್ತು, ತಲೆಯಲ್ಲಿ ಆಗಲೇ ಮದುವೆಯೂಟ ನಡೆದು ಎಲೆ ಎತ್ತುತ್ತಿದ್ದರು. ಮರುದಿನ ಕಾಫಿಗೆ ಉಪ್ಪು ಬಿದ್ದಿತ್ತು ಎಂದರೆ ಎಡಗಡೆಯ ಡಬ್ಬದಲ್ಲಿದ್ದದ್ದು ಉಪ್ಪು. ಹಾಗಾದರೆ ಬಲಗಡೆಯ ಡಬ್ಬದಿಂದ ನಾನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ಎರಡು ಕೈಯಲ್ಲಿ ಭಕ್ತಿಯಿಂದ ಕೊಟ್ಟದ್ದೇನು? ಅಯ್ಯೋ ಶಿವನೇ. ಇಡೀ ಊರು ಇಪ್ಪತ್ತಮೂರು ವರ್ಷದಿಂದ ಉಪ್ಪುಕಾಫಿ ಎಂದು ನನ್ನನ್ನು ಆಡಿಕೊಂಡು ನಗುತ್ತಿದೆ. ಒಬ್ಬನಿಗಾದರೂ, ನನಗಾದರೂ, ಸಕ್ಕರೆ ಎಲ್ಲಿಗೆ ಹೋಯಿತು ಎಂದು ಕೇಳಬೇಕೆಂದು ತೋಚಲಿಲ್ಲವಲ್ಲ!

ಹೇಳಲೇ ಬೇಡವೇ ಎಂದು ಒಂದು ಗಳಿಗೆ ಲೆಕ್ಕ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಸುಮ್ಮನಿದ್ದರೆ ಅವಳು ಹಂಡೆ ಕಳೆದುಕೊಳ್ಳುತ್ತಾಳೆ, ಆದರೆ ನನ್ನ ಮೇಲೆ ಅವಳಿಗೆ ಮರುಕವಾದರೂ ಉಳಿಯುತ್ತದೆ. ಪಾಪ, ಅವನೂ ಹಾಕಿದ್ದ, ಅವನೂ ಕಾದ ಎಂದು. ಬಾಯಿ ಬಿಟ್ಟರೆ ಅವಳ ಇಪ್ಪತ್ತಮೂರು ವರ್ಷವನ್ನು ನೀರಲ್ಲಿ ಕಲಸಿದವನು ಈ ಪೆದ್ದ ಎಂದು ಅವಳಿಗೆ ತಿಳಿಯುತ್ತದೆ. ಮತ್ತೆ ನನ್ನ ಮುಖ ನೋಡಿಯಾಳೆ? ಅಷ್ಟರಲ್ಲಿ ಅವಳ ಸೊಂಟದ ಗಂಟು ಬಿಚ್ಚಿತು. ಬೀಗದ ಕೈ ಖಣ್ ಎಂದಿತು.

"ತಡೀರಿ!" ಎಂದು ಕೂಗಿದೆ. "ಕೈ ನಡುಗಿದ್ದು ಅವರದಲ್ಲ, ನಂದು. ನಾನು ಅವತ್ತು ಕೊಟ್ಟಿದ್ದು ಉಪ್ಪಲ್ಲ, ಸಕ್ಕರೆ!"

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಡಬ್ಬ, ಕಾಫಿ, ಇರುವೆ, ಈಗ ಬೋರ್‌ವೆಲ್ಲಿನ ಉಪ್ಪುನೀರು ಬಿದ್ದ ಮೇಲೆ ಎಳೆಗಳು ಇಷ್ಟು ವರ್ಷದ ಮುನಿಸು ಬಿಟ್ಟು ಒಂದರ ಹತ್ತಿರ ಒಂದು ಬಂದದ್ದು. "ಎಲ್ಲ ಶೀಸೆಗೂ ಅದೇ ನೀರು ಬಿದ್ದಿದೆ. ಒಂದು ಮಾತ್ರ ಬೆಳಗಿದೆ. ಅಂದ್ಮೇಲೆ ಉಳಿದಿದ್ದೆಲ್ಲ ಸರಿಯಾಗೇ ನಡೆದಿತ್ತು. ಅವರು ಮಾಡಿದ್ರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ," ಅಂದೆ.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ಗೋವಿಂದಪ್ಪನವರು. ಅವರ ದನಿ ಬಿದ್ದುಹೋಗಿತ್ತು. "ಹಾಗಾದ್ರೆ... ನಂದು? ನಂದು ನಿಜವಾಗ್ಲೂ ಇಲ್ವೇ ಏನ್ರಿ?" ಎಂದು ನಾಲ್ಕು ಮನೆಯವರನ್ನೂ ಒಬ್ಬೊಬ್ಬರಾಗಿ ನೋಡಿದರು. ಒಂದು ತಪ್ಪು ಒಪ್ಪಿಕೊಂಡ ಮೇಲೆ ಇನ್ನೊಂದು ಅಷ್ಟು ಕಷ್ಟವಾಗುವುದಿಲ್ಲ ನೋಡಿ.

"ಗೋವಿಂದಪ್ನೋರೇ, ನಾನು ನೀರು ಹಾಕಿದ್ದೆ," ಅಂದೆ. "ನನ್ನ ಮಲಗೋ ಕೋಣೆಗೂ ನಿಮ್ಮನೆಗೂ ಒಂದೇ ಗೋಡೆ."

ನಮ್ಮೂರಿನಲ್ಲಿ ಒಬ್ಬ ಇನ್ನೊಬ್ಬನ ಮುಖಕ್ಕೆ ಹಾಗೆ ಹೇಳಿದ್ದು ಅದೇ ಮೊದಲು. ಸಿಡಿಲು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಬದಲಿಗೆ ಹಿಂದಿನ ಸಾಲಿನಿಂದ ಒಬ್ಬರು "ನಾನೂ ನೀರೇ" ಅಂದರು. ಇನ್ನೊಬ್ಬರು ಕೆಮ್ಮಿ ಕೈ ಎತ್ತಿದರು. ನಾಲ್ಕನೆಯವರಾದ ಕರಿಬಸಪ್ಪನವರು, ಯಜಮಾನರು, ಸಭೆಯ ಮಧ್ಯೆ ನಿಂತು, "ನಾನು ಎರಡು ಹನಿ ನೀರು ಹಾಕಿದ್ದೆ ಕಣಪ್ಪ, ಒಂದು ಸಾಲದೇನೋ ಅಂತ," ಅಂದರು. ಗೋವಿಂದಪ್ಪನವರು ಎಲ್ಲರನ್ನೂ ನೋಡಿ, "ನಾಲ್ಕು ಜನಾನೂನಾ?" ಅಂದರು. ಆಮೇಲೆ ನಗಲು ಶುರು ಮಾಡಿದರು. "ಯಾವನೋ ಒಬ್ಬ ನನ್ನ ಮೇಲೆ ಹಗೆ ಸಾಧಿಸ್ದ ಅಂತ ಹದಿನೈದು ವರ್ಷ ಕೊರಗ್ದೆ. ನಾಲ್ಕೂ ಜನ ಅಂದ್ರೆ ಅದು ಹಗೆ ಅಲ್ಲ ಬಿಡಿ, ವಾದ್ಯದ್ದೇ ತಪ್ಪು. ಕೆರೆ ಏರಿ ಮೇಲೆ ಊದ್ಕೋತೀನಿ," ಅಂದರು. ಇಷ್ಟು ಸುಲಭವಾಗಿ ಮುಗಿಯುವುದನ್ನು ನಾವು ಹದಿನೈದು ವರ್ಷ ಶೀಸೆಯಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆವು.

ಸರ್ವಮಂಗಳ ಮಾತ್ರ ನಗಲಿಲ್ಲ. ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು, ಮುಖ ಕೆಂಡವಾಗಿತ್ತು.

"ಇಪ್ಪತ್ತಮೂರು ವರ್ಷ ರೀ! ನಾನೇನು ಕುರೂಪಿನಾ, ನನ್ನ ಮಾತು ಒರಟಾ, ಯಾಕೆ ಹಿಂದೆ ಸರಿದ್ರು ಅಂತ ದಿನಾ ಕನ್ನಡಿ ಕೇಳಿದ್ದೀನಿ. ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳೀದ ನೀವು ಹೋಟೆಲ್ ಬೇರೆ ಇಟ್ಟಿದ್ದೀರಿ! ಒಂಚೂರು ನಾಲಿಗೆ ಮೇಲೆ ಇಟ್ಟು ನೋಡೋಕೆ ನಿಮಗೇನಾಗಿತ್ತು?"

"ಕಟ್ಟಳೆ..." ಎಂದೆ.

"ಕಟ್ಟಳೆ ಬಿಚ್ಚಿ ನೋಡಬೇಡಿ ಅಂತ ಹೇಳಿರೋದು ನಮಗೆ. ತರೋರು ನೋಡಬೇಡಿ ಅಂತ ಯಾರು ಹೇಳಿದ್ರು?" ಅಂದು ತಿರುಗಿ ನೋಡದೆ ಹೊರಟುಹೋದಳು. ಹಂಡೆಮನೆಯ ಬಾಗಿಲು ಹಾಕಿಕೊಂಡ ಸದ್ದು ಸಂತೆಕಟ್ಟೆಯವರೆಗೂ ಕೇಳಿಸಿತು.

ಮರುದಿನ ಇಡ್ಲಿ ಕಟ್ಟಿಸಿಕೊಳ್ಳಲು ದಾಕ್ಷಾಯಿಣಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ನಾಲ್ಕು ಇಡ್ಲಿ ಎತ್ತಿಡುವುದು, ಅವು ಆರುವುದು, ಮಧ್ಯಾಹ್ನ ನಾನೇ ತಿನ್ನುವುದು. ಬೆಂಚಿನ ಮೇಲೆ ಕೂತವರು ಉಪ್ಪುಕಾಫಿ ತಮಾಷೆಯನ್ನು ಬಿಟ್ಟುಬಿಟ್ಟಿದ್ದರು. ಆಡಿಕೊಂಡು ನಕ್ಕಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು. ಒಂದು ಪ್ರಶ್ನೆಯನ್ನು ಎರಡು ಸಲ ಕೇಳುವಂತಿಲ್ಲ. ಇನ್ನು ನನಗೆ ಹಂಡೆಯೂ ಇಲ್ಲ, ಏನೂ ಇಲ್ಲ ಎಂದುಕೊಂಡು ನೀಲಿ ಡಬ್ಬಗಳೆರಡನ್ನೂ ಗುಜರಿಗೆ ಹಾಕಿ, ಗಾಜಿನ ಜಾಡಿ ತಂದು, ಒಂದರ ಮೇಲೆ ಉಪ್ಪು ಎಂದೂ ಇನ್ನೊಂದರ ಮೇಲೆ ಸಕ್ಕರೆ ಎಂದೂ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಇದನ್ನು ಇಪ್ಪತ್ತಮೂರು ವರ್ಷದ ಹಿಂದೆ ಮಾಡಿದ್ದರೆ ನನ್ನ ಮಗಳಿಗೆ ಈಗ ಗಂಡು ನೋಡುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಏಳೂವರೆ ಇರಬೇಕು, ಹೋಟೆಲು ತುಂಬಿತ್ತು. ಗದ್ದಲ ಇದ್ದಕ್ಕಿದ್ದಂತೆ ನಿಂತಿತು. ಏನಾಯಿತೆಂದು ತಲೆ ಎತ್ತಿ ನೋಡಿದರೆ ಸರ್ವಮಂಗಳ ಮೆಟ್ಟಿಲು ಹತ್ತಿ ಒಳಗೆ ಬರುತ್ತಿದ್ದಳು. ಬಂದವಳು ಬೆಂಚು ಪೂರ್ತಿ ತುಂಬಿದ್ದನ್ನು ನೋಡಿ, ಅಂಗೈಯಗಲ ಖಾಲಿಯಿದ್ದ ತುದಿಯಲ್ಲಿ ಕೂತು, "ಸ್ವಲ್ಪ ಸರೀರಿ," ಅಂದಳು. ಸರಿದರು. ಆ ತುದಿಯಲ್ಲಿದ್ದ ಗೋವಿಂದಪ್ಪನವರು ತಟ್ಟೆ ಸಮೇತ ಕೆಳಗೆ ಬಿದ್ದು, ಎದ್ದು ಬೇರೆ ಬೆಂಚಿಗೆ ಹೋದರು.

"ಏನು ಕೊಡ್ಲಿ?" ಅಂದೆ.

ಅವಳು ಸೆರಗಿನೊಳಗಿಂದ ಒಂದು ಪುಟ್ಟ ಗಂಟು ತೆಗೆದು ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಹೊಸ ಬಟ್ಟೆ, ಇಸ್ತ್ರಿಯ ಗೆರೆ ಇನ್ನೂ ಹೋಗಿರಲಿಲ್ಲ.

"ಅವತ್ತು ಕೇಳಿದ್ದು ನೀವು. ಇವತ್ತು ಕೇಳ್ತಿರೋದು ನಾನು. ಹಾಗಾಗಿ ಇದು ಬೇರೆ ಪ್ರಶ್ನೆ, ಕಟ್ಟಳೆ ಮುರಿದ ಹಾಗಾಗಲ್ಲ," ಅಂದಳು. ಹೋಟೆಲಿನ ನಲವತ್ತು ಕಿವಿಯೂ ನೆಟ್ಟಗಾಗಿದ್ದವು. ಅವಳು ಲಕ್ಷ್ಯವಿಡಲಿಲ್ಲ. "ಹಂಡೆ ಬೇಡ, ಪರದೆ ಬೇಡ. ಬಾಯಲ್ಲೇ ಹೇಳಿ. ಸಂಜೆ ಐದರವರೆಗೂ ಟೈಮಿದೆ."

ನಾನು ಕೈ ಒರೆಸಿಕೊಂಡೆ. ಗಂಟು ಬಿಚ್ಚಿದೆ. ಬೆಳ್ಳಗಿನ ಪುಡಿ, ನೋಡಲು ಅದೂ ಆಗಬಹುದು, ಇದೂ ಆಗಬಹುದು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕಿವಿ ಕೆಂಪಗಾಗಿತ್ತು.

"ಉಪ್ಪೇ," ಅಂದೆ. "ಹೂಂ."